ಲೋಕ್ ಅದಾಲತ್ ಕಂತು ಇನ್ನೂ 15 ಬಾಕಿ, ಒಂದೇ ಸಲ ಕಟ್ಟಿ ಮುಗಿಸಬಹುದಾ?

ಅಚ್ಚುಮೊಳೆ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ನನ್ನದೇ ಕಥೆ ಹೇಳಬೇಕಾಗಿದೆ. ಚಾಮರಾಜಪೇಟೆಯಲ್ಲಿ ಸಣ್ಣ ಪ್ರೆಸ್ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಹೀಗೆ. 2019ರಲ್ಲಿ ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ ಸಾಲ ತೆಗೆದು ಆಫ್‌ಸೆಟ್ ಮೆಷಿನ್ ಹಾಕಿದೆ. ಮರುವರ್ಷ ಏನಾಯಿತು ಅಂತ ನಿಮಗೆ ಹೇಳಬೇಕಿಲ್ಲ. ಮದುವೆಗೆ 50 ಜನ ಅಂದಮೇಲೆ 500 ಪತ್ರಿಕೆ ಯಾರು ಹಾಕಿಸುತ್ತಾರೆ.

ಹಾಗೂ ಹೀಗೂ ಎಳೆದೆ. ಕೊನೆಗೆ ಚೆಕ್ ಬೌನ್ಸ್ ಆಯಿತು, ಕೇಸ್ ಹಾಕಿದರು. ಕಳೆದ ಡಿಸೆಂಬರ್‌ನ ಲೋಕ್ ಅದಾಲತ್‌ನಲ್ಲಿ ರಾಜಿ ಆಯಿತು. ಅವರ ಲೆಕ್ಕದಲ್ಲಿ ಬಾಕಿ ₹7,35,000 ಇತ್ತು. ₹4,80,000ಕ್ಕೆ ಒಪ್ಪಿದರು. ತಿಂಗಳಿಗೆ 20 ಸಾವಿರದಂತೆ 24 ಕಂತು, ಬಡ್ಡಿ ಇಲ್ಲ. 9 ಕಟ್ಟಿದ್ದೇನೆ. ಇನ್ನು 15 ಇದೆ, ಅಂದರೆ 3 ಲಕ್ಷ.

ಈಗ ಕೈಗೆ ಸ್ವಲ್ಪ ದುಡ್ಡು ಬರುವ ಹಾಗಿದೆ. ಪೂರ್ತಿ 3 ಲಕ್ಷ ಕಟ್ಟೋದರ ಬದಲು, ಒಂದೇ ಸಲ ಕೊಡುತ್ತೇನೆ, ಕಡಿಮೆ ಮಾಡಿ ಅಂತ ಕೇಳಬಹುದಾ? 2 ಲಕ್ಷ 10 ಸಾವಿರಕ್ಕೆ ಮುಗಿಸೋಣ ಅಂತ ಆಸೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಕಲೆಕ್ಷನ್ ಹುಡುಗನಿಗೆ ಫೋನಲ್ಲಿ ಕೇಳಿದೆ. "ಆಗುತ್ತೆ ಸಾರ್, ನಾಳೇನೇ ಹಾಕಿ, ನಾನು ಮಾಡಿಸಿಕೊಡ್ತೀನಿ" ಅಂದ. ಅಷ್ಟು ಸಲೀಸಾಗಿ ಅಂದಿದ್ದೇ ನನಗೆ ಭಯ ಆಯಿತು.

ಮೂರನೇಬ್ಲಾಕ್
ಭಯ ಆಗಿದ್ದು ಒಳ್ಳೇದಾಯ್ತು ಬಿಡಿ. ನಮ್ಮ ಭಾವನಿಗೆ ಇದೇ ಮಾತು ಹೇಳಿ 40 ಸಾವಿರ ತಿಂದರು. ಏಜೆಂಟ್ ತನ್ನ ಸ್ವಂತ ಯುಪಿಐಗೆ ಹಾಕಿಸಿಕೊಂಡು "ಸೆಟಲ್‌ಮೆಂಟ್ ಟೋಕನ್ ಅಮೌಂಟ್" ಅಂತ ಹೇಳಿದ್ದ. ಎರಡು ತಿಂಗಳು ಬಿಟ್ಟು ಆಫೀಸಿಗೆ ಹೋಗಿ ಕೇಳಿದರೆ ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ, ದುಡ್ಡು ಖಾತೆಗೆ ಬಂದೇ ಇರಲಿಲ್ಲ. ಸಾಲದ ಖಾತೆ ನಂಬರಿಗೆ ಬ್ಯಾಂಕ್ ಮೂಲಕ ಬಿಟ್ಟು ಬೇರೆ ಎಲ್ಲೂ ಒಂದು ರೂಪಾಯಿ ಹಾಕಬೇಡಿ. ನಗದಂತೂ ಬೇಡವೇ ಬೇಡ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲದ ಹಣವನ್ನು ನಗದಾಗಿ ವಾಪಸ್ ಕೊಡೋದಕ್ಕೆ ಇನ್‌ಕಮ್ ಟ್ಯಾಕ್ಸ್ ಕಾನೂನಿನಲ್ಲೇ ತಡೆ ಇದೆ.

ಸುಮ್ನೆ_ಓದುಗ
7 ಲಕ್ಷದ ಸಾಲ 4.8ಕ್ಕೆ ಇಳಿಸಿದ್ದಾರೆ. ಈಗ ಅದರಲ್ಲೂ 90 ಸಾವಿರ ಬಿಡಿ ಅಂತೀರಾ. ನಿಯತ್ತಾಗಿ ಇಎಂಐ ಕಟ್ಟುವ ನಮ್ಮಂಥವರು ದಡ್ಡರು ಅಲ್ವಾ.

ಅಚ್ಚುಮೊಳೆ
ನಿಮ್ಮ ಮಾತು ತಪ್ಪು ಅನ್ನಲ್ಲ ಸಾರ್. ಆದರೆ ಆ 7.35ರಲ್ಲಿ ನಾನು ತೆಗೆದುಕೊಂಡ ಅಸಲು ಎಷ್ಟು, ದಂಡ ಎಷ್ಟು, ದಂಡದ ಮೇಲಿನ ಬಡ್ಡಿ ಎಷ್ಟು ಅಂತ ಕೇಳಿದರೆ ಇವತ್ತಿಗೂ ನನಗೆ ಸರಿಯಾದ ಉತ್ತರ ಸಿಕ್ಕಿಲ್ಲ.

ಕಾಫಿ_ಡಿಕಾಕ್ಷನ್
ಜಗಳ ಆಮೇಲೆ ಆಡೋಣ, ಮೊದಲು ಲೆಕ್ಕ. ನಾನು ಅಕೌಂಟ್ಸ್ ಕೆಲಸದವನು, ಚಟ ಬಿಡಲ್ಲ.

ನಿಮ್ಮ ಕಂತಿಗೆ ಬಡ್ಡಿ ಇಲ್ಲ ಅನ್ನೋದು ಇಲ್ಲಿ ಮುಖ್ಯ. ಗೃಹಸಾಲ ಬೇಗ ತೀರಿಸಿದರೆ ಮುಂದಿನ ಬಡ್ಡಿ ಉಳಿಯುತ್ತೆ. ನಿಮಗೆ ಉಳಿಯೋಕೆ ಬಡ್ಡಿಯೇ ಇಲ್ಲ. ಹಾಗಾಗಿ ಬೇಗ ಕಟ್ಟೋದರಿಂದ ಲಾಭ ಆಗೋದು ಕಂಪನಿಗೆ. ಆ ಲಾಭ ಎಷ್ಟು? ಅವರು ದುಡ್ಡಿಗೆ ವರ್ಷಕ್ಕೆ 12 ಪರ್ಸೆಂಟ್ ಬೆಲೆ ಕಟ್ಟುತ್ತಾರೆ ಅಂತಿಟ್ಟುಕೊಳ್ಳಿ. ಮುಂದಿನ 15 ತಿಂಗಳು ಬರುವ 20 ಸಾವಿರಗಳ ಇವತ್ತಿನ ಬೆಲೆ ಸುಮಾರು ₹2,77,300. ಅಂದರೆ ಸಮಯದ ಲೆಕ್ಕದಲ್ಲಿ ಅವರು ನ್ಯಾಯವಾಗಿ ಬಿಡಬಹುದಾದ್ದು 22-23 ಸಾವಿರ, ಅಷ್ಟೇ. ಅದಕ್ಕಿಂತ ಜಾಸ್ತಿ ಬಿಟ್ಟರೆ ಅದು "ಈ ಮನುಷ್ಯ ಮುಂದೆ ಕಟ್ಟದೇ ಹೋದರೆ" ಅನ್ನುವ ಅವರ ಭಯಕ್ಕೆ ಬೆಲೆ. 9 ಕಂತು ಸರಿಯಾಗಿ ಕಟ್ಟಿ ನೀವೇ ಆ ಭಯ ಕಡಿಮೆ ಮಾಡಿದ್ದೀರಿ! ಒಳ್ಳೆ ಗಿರಾಕಿಗೆ ಡಿಸ್ಕೌಂಟ್ ಕಡಿಮೆ, ಇದು ಈ ಧಂಧೆಯ ವಿಚಿತ್ರ.

2.10 ಕೇಳಿ, ತಪ್ಪಿಲ್ಲ. 2.60 ಆಸುಪಾಸಿಗೆ ಬಂದರೆ ಖುಷಿಪಡಿ.

ಹನುಮಂತನಗರದ_ಅಕ್ಕ
ಡಿಕಾಕ್ಷನ್ ಹೇಳಿದ ಲೆಕ್ಕ ಸರಿ. ನಾನು ಬ್ಯಾಂಕಿನಲ್ಲಿ 31 ವರ್ಷ ಇದ್ದು ರಿಟೈರ್ ಆದವಳು, ಕೊನೆ ಆರು ವರ್ಷ ವಸೂಲಿ ವಿಭಾಗ. ಒಂದು ವಿಷಯ ಕೇಳುತ್ತೇನೆ, ಮುಚ್ಚುಮರೆ ಇಲ್ಲದೆ ಹೇಳಿ. ರಾಜಿ ಪತ್ರದಲ್ಲಿ ಕಂತು ತಪ್ಪಿದರೆ ಏನಾಗುತ್ತೆ ಅಂತ ಬರೆದಿದೆ? ಮತ್ತೆ ಈ "ಕೈಗೆ ಬರುವ ದುಡ್ಡು" ಎಲ್ಲಿಂದ ಬರ್ತಿದೆ?

ಅಚ್ಚುಮೊಳೆ
ಅಕ್ಕ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ.

ಸತತ ಎರಡು ಕಂತು ತಪ್ಪಿದರೆ ರಿಯಾಯಿತಿ ರದ್ದು. ಪೂರ್ತಿ 7,35,000, ಅದರಲ್ಲಿ ಕಟ್ಟಿದ್ದು ಕಳೆದು, ಉಳಿದಿದ್ದಕ್ಕೆ ಶೇಕಡಾ 12 ಬಡ್ಡಿ. ಈ ಆಷಾಢದಲ್ಲಿ ಒಂದು ಕಂತು ಹತ್ತು ದಿನ ತಡ ಆಯಿತು. ಆಷಾಢ ಅಂದರೆ ನಮ್ಮ ಪ್ರೆಸ್ಸಿನಲ್ಲಿ ಮೆಷಿನ್ ಮೇಲೆ ಬೆಕ್ಕು ಮಲಗಿರುತ್ತೆ. ಆ ಹತ್ತು ದಿನ ನಾನು ನಿದ್ದೆ ಮಾಡಿಲ್ಲ. ಬೇಗ ಮುಗಿಸಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲಿಂದ, ಡಿಸ್ಕೌಂಟ್ ಆಮೇಲಿನ ಮಾತು.

ದುಡ್ಡು ಹೇಗೆ ಅಂದರೆ, ಹಳೇ ಕಟಿಂಗ್ ಮೆಷಿನ್‌ಗೆ ಮಾಗಡಿ ರಸ್ತೆಯವರೊಬ್ಬರು 1 ಲಕ್ಷ 40 ಸಾವಿರ ಹೇಳಿದ್ದಾರೆ. ಇನ್ನೊಂದು, ಮನೆಯವಳ ಹೆಸರಲ್ಲಿ ಚೀಟಿ ಇದೆ. 3 ಲಕ್ಷದ್ದು, 30 ತಿಂಗಳು, ರಿಜಿಸ್ಟರ್ಡ್ ಕಂಪನಿ. ಈ ತಿಂಗಳು 12ನೇದು. 15ನೇ ತಾರೀಕು ಕೂಗಿ ಎತ್ತಿಬಿಡೋಣ ಅಂತ. ಈಗಿನ ಕೂಗು 54 ಸಾವಿರದ ಹತ್ತಿರ ನಡೀತಿದೆ, ಅಂದರೆ ಕೈಗೆ 2,46,000.

ಕಾಫಿ_ಡಿಕಾಕ್ಷನ್
ಅಯ್ಯೋ ಅಣ್ಣ, ಇದನ್ನ ಮೊದಲೇ ಹೇಳಬಾರದಾ.

ಚೀಟಿ ಎತ್ತಿದರೆ ಕೆಲಸ ಮುಗೀತಾ? ಉಳಿದ 18 ತಿಂಗಳು ಕಟ್ಟಲೇಬೇಕು. ಎತ್ತಿದ ಮೇಲೆ ಅದು ಉಳಿತಾಯ ಅಲ್ಲ, ಸಾಲ. ಅಲ್ಲಿ 20 ಸಾವಿರದ ಕಂತು ನಿಲ್ಲಿಸಿ ಇಲ್ಲಿ 10 ಸಾವಿರದ ಕಂತಿಗೆ ಕುತ್ತಿಗೆ ಕೊಡ್ತೀರಿ. ಜಾಮೀನು ಬೇರೆ ಕೇಳುತ್ತಾರೆ, ಎತ್ತಿದವರ ಹತ್ತಿರ ಎಲ್ಲ ಚೀಟಿ ಕಂಪನಿಯೂ ಕೇಳುತ್ತೆ.

ಬೆಲೆ ನೋಡಿ. ಕಮಿಷನ್ 5 ಪರ್ಸೆಂಟ್ ಅಂತಿಟ್ಟುಕೊಂಡರೆ (ಚೀಟಿ ಕಾನೂನಿಗೆ 2019ರ ತಿದ್ದುಪಡಿ ಆದಮೇಲೆ 7ರವರೆಗೂ ಹಿಡಿಯಬಹುದು), ಕೊನೇವರೆಗೂ ಕಾದರೆ ₹2,85,000 ಸಿಗುತ್ತೆ. ಈಗ ಎತ್ತಿದರೆ ₹2,46,000. ವ್ಯತ್ಯಾಸ 39 ಸಾವಿರ. ಕಂಪನಿಯವರು 40 ಸಾವಿರ ಬಿಟ್ಟರು ಅಂತ ನೀವು ಮನೇಲಿ ಹೋಳಿಗೆ ಮಾಡಿಸ್ತೀರಿ, ಅದರಲ್ಲಿ 39 ಸಾವಿರ ಚೀಟಿ ಕೂಗಿನಲ್ಲಿ ಹೋಗಿರುತ್ತೆ.

ಅಚ್ಚುಮೊಳೆ
ಇದನ್ನ ಮನೆಯವಳು ಎರಡು ವಾರದಿಂದ ಹೇಳ್ತಿದ್ದಾಳೆ. ಅವಳ ಮಾತಿಗೆ ನಾನು "ನಿನಗೆ ಲೆಕ್ಕ ಗೊತ್ತಾಗಲ್ಲ" ಅಂದಿದ್ದೆ. ಈ ಪುಟ ಅವಳಿಗೆ ತೋರಿಸಲ್ಲ.

ಹನುಮಂತನಗರದ_ಅಕ್ಕ
ತೋರಿಸಿ. ಜೊತೆಗೆ ಒಂದು ಮಾತು ಕ್ಷಮೆ ಕೇಳಿ.

ಬಿಸಿಬೇಳೆ_ಲೆಸ್ಟರ್
ಸ್ವಲ್ಪ ಬೇರೆ ಕಡೆ ಕರೆದುಕೊಂಡು ಹೋಗ್ತೀನಿ, ಬೈಬೇಡಿ. ನಾನು ಹುಟ್ಟಿದ್ದು ಬೆಳೆದಿದ್ದು ಮಲ್ಲೇಶ್ವರ, ಈಗ ಹನ್ನೊಂದು ವರ್ಷದಿಂದ ಇಂಗ್ಲೆಂಡ್. ಇಲ್ಲಿ ಇಂಥದ್ದಕ್ಕೆ ಐವಿಎ ಅಂತ ಒಂದು ಪದ್ಧತಿ ಇದೆ, 1986ರ ದಿವಾಳಿ ಕಾನೂನಿನಲ್ಲಿ ಬಂದದ್ದು. ಸಾಲ ಕೊಟ್ಟವರನ್ನೆಲ್ಲ ಒಟ್ಟಿಗೆ ಸೇರಿಸಿ ಸಾಮಾನ್ಯವಾಗಿ 5-6 ವರ್ಷ ಕಂತು. ಮಧ್ಯದಲ್ಲಿ ಸೂಪರ್‌ವೈಸರ್ ಅಂತ ಒಬ್ಬರು ಇರುತ್ತಾರೆ, ದುಡ್ಡು ಅವರ ಮೂಲಕವೇ. ಸಾಲ ಕೊಟ್ಟವರಲ್ಲಿ ಓಟು ಹಾಕಿದವರ ಮೌಲ್ಯದಲ್ಲಿ 75 ಪರ್ಸೆಂಟ್ ಒಪ್ಪಿದರೆ ಉಳಿದವರೂ ಒಪ್ಪಲೇಬೇಕು.

ನಮ್ಮ ಯಜಮಾನರ ಗೆಳೆಯರೊಬ್ಬರು ಮೂರನೇ ವರ್ಷಕ್ಕೆ ಅಣ್ಣನಿಂದ ದುಡ್ಡು ತಂದು ಒಂದೇ ಸಲ ಕಟ್ಟಿ ಮುಗಿಸಿದರು. ಅದಕ್ಕೂ ಸುಮ್ನೆ ಫೋನ್ ಮಾಡಿ ಹೇಳಿದರೆ ಆಗಲ್ಲ. ಸೂಪರ್‌ವೈಸರ್ ಮತ್ತೆ ಪ್ರಸ್ತಾವ ಕಳಿಸಿ, ಮತ್ತೆ ಓಟು ಹಾಕಿಸಿದರು. ಅವರಿಗೆ ಬೇಜಾರಾಗಿದ್ದು ಒಂದೇ. ಬೇಗ ಮುಗಿಸಿದರೂ ಕ್ರೆಡಿಟ್ ಫೈಲಿನಲ್ಲಿ ಶುರುವಾದ ದಿನದಿಂದ 6 ವರ್ಷ ಆ ಗುರುತು ಹಾಗೇ ಇರುತ್ತೆ. ಮೂರು ವರ್ಷಕ್ಕೆ ಮುಗಿಸಿದೆ ಅಂತ ಮೂರು ವರ್ಷಕ್ಕೆ ಅಳಿಸಿಹೋಗಲ್ಲ. ಅಲ್ಲೂ ಹಾಗೇನಾ?

ಹನುಮಂತನಗರದ_ಅಕ್ಕ
ಇಲ್ಲಿ ಸಾಮಾನ್ಯ ಮನುಷ್ಯನಿಗೆ ಆ ಥರ ಎಲ್ಲ ಸಾಲ ಒಟ್ಟು ಸೇರಿಸುವ ವ್ಯವಸ್ಥೆ ಚಾಲ್ತಿಯಲ್ಲಿ ಇಲ್ಲಮ್ಮ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಭಾಗ ಇದೆ, ಆದರೆ 2019ರ ಡಿಸೆಂಬರ್‌ನಲ್ಲಿ ಜಾರಿಗೆ ತಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ನಮ್ಮ ಅಚ್ಚುಮೊಳೆಯಂಥವರಿಗೆ ಲೋಕ್ ಅದಾಲತ್, ಇಲ್ಲ ಬ್ಯಾಂಕಿನ ಜೊತೆ ನೇರ ಒನ್ ಟೈಮ್ ಸೆಟಲ್‌ಮೆಂಟ್.

ಗುರುತಿನ ವಿಷಯ ಮಾತ್ರ ಎರಡೂ ಕಡೆ ಒಂದೇ ಕಥೆ. ಅಚ್ಚುಮೊಳೆ, ಇದನ್ನ ಗಮನ ಇಟ್ಟು ಓದಿ. ನಿಮ್ಮ ಖಾತೆ ಸಿಬಿಲ್‌ನಲ್ಲಿ (ಎಲ್ಲರ ಸಾಲದ ಚರಿತ್ರೆ ಇಡುವ ಕಂಪನಿ) "ಸೆಟಲ್ಡ್" ಅಂತ ಬರುತ್ತೆ. 15 ಕಂತು ಒಂದೇ ಸಲ ಕಟ್ಟಿದರೂ ಅದೇ, 24 ತಿಂಗಳು ಕಟ್ಟಿದರೂ ಅದೇ. ಯಾಕೆಂದರೆ 2,55,000 ಬಿಟ್ಟಿದ್ದಾರೆ. "ಕ್ಲೋಸ್ಡ್" ಅಂತ ಬರಬೇಕಾದರೆ ಬಿಟ್ಟಿದ್ದನ್ನೂ ಕಟ್ಟಬೇಕು. ಏಜೆಂಟ್‌ಗಳು "ಲಮ್ಸಮ್ ಹಾಕಿ ಸಾರ್, ಸಿಬಿಲ್ ಕ್ಲೀನ್ ಆಗುತ್ತೆ" ಅನ್ನುತ್ತಾರೆ, ನನ್ನ ಕಿವಿಗೇ ಬಿದ್ದಿದೆ, ಪಕ್ಕದ ಟೇಬಲ್‌ನಲ್ಲೇ. ಅದು ಸುಳ್ಳು. ಮತ್ತೆ ರಾಜಿ ಮಾಡಿಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ 2023ರ ಜೂನ್ ಸುತ್ತೋಲೆ. ಕೃಷಿ ಸಾಲಕ್ಕೆ ಮಾತ್ರ ಬೇರೆ ಲೆಕ್ಕ.

ಬೇಗ ಮುಗಿಸಿದರೆ ಸಿಗೋದು ಒಂದು ಅನುಕೂಲ. ಬಾಕಿ ಸೊನ್ನೆ ಅಂತ ಬೇಗ ಬರುತ್ತೆ, ನಿಮ್ಮ ಹೊಸ ಚರಿತ್ರೆ ಬೇಗ ಶುರುವಾಗುತ್ತೆ. ಅಷ್ಟೇ.

ಸುಮ್ನೆ_ಓದುಗ
ಹಾಗಾದರೆ ಯಾಕೆ ಬೇಗ ಕಟ್ಟಬೇಕು? 3 ಲಕ್ಷ ಬೇರೆ ಖಾತೆಯಲ್ಲಿ ಇಟ್ಟು ಪ್ರತಿ ತಿಂಗಳು 20 ಸಾವಿರ ಆಟೋಮ್ಯಾಟಿಕ್ ಹೋಗೋ ಹಾಗೆ ಮಾಡಿ. ಕಂತು ತಪ್ಪೋದೂ ಇಲ್ಲ, ಬಡ್ಡಿಯೂ ಬರುತ್ತೆ. ಬೈದೆ ಅಂತ ಬೇಜಾರಾಗಬೇಡಿ, ಇದು ನಿಜವಾದ ಸಲಹೆ.

ಕಾಫಿ_ಡಿಕಾಕ್ಷನ್
ಒಪ್ಪಿದೆ. 7 ಪರ್ಸೆಂಟ್ ಸಿಕ್ಕರೆ 15 ತಿಂಗಳಿಗೆ 14 ಸಾವಿರದ ಆಸುಪಾಸು ಬಡ್ಡಿ ಬರುತ್ತೆ. ಸೇವಿಂಗ್ಸ್ ಖಾತೆಯಲ್ಲಿ ಅದರ ಅರ್ಧವೂ ಇಲ್ಲ. ಆದರೆ ಮನೆಯಲ್ಲಿ 3 ಲಕ್ಷ ಕಣ್ಣಿಗೆ ಕಾಣೋ ಹಾಗೆ ಇದ್ದರೆ ಅದು ಉಳಿಯುತ್ತಾ ಅನ್ನೋದು ಬೇರೆ ಪ್ರಶ್ನೆ. ನಮ್ಮನೇಲಿ ಉಳಿಯಲ್ಲ.

ಅಚ್ಚುಮೊಳೆ
ನಮ್ಮಲ್ಲೂ ಉಳಿಯಲ್ಲ. ಅಮ್ಮನ ಮಂಡಿ ಆಪರೇಷನ್ ಮುಂದಕ್ಕೆ ಹಾಕುತ್ತಾ ಬಂದಿದ್ದೇವೆ. ಪೇಪರ್ ರೇಟ್ ಏರಿದರೆ ಅಲ್ಲಿಗೆ ಹೋಗುತ್ತೆ. ದುಡ್ಡು ಇದೆ ಅಂತ ಗೊತ್ತಾದರೆ ಉಧಾರಿ ಕೇಳೋ ಗಿರಾಕಿಗೆ ಇಲ್ಲ ಅನ್ನೋಕೂ ಬಾಯಿ ಬರಲ್ಲ. ನನ್ನ ಸ್ವಭಾವ ನನಗೆ ಗೊತ್ತು.

ಗುಮಾಸ್ತ
ತಡವಾಗಿ ಬಂದೆ. ವಕೀಲರ ಆಫೀಸಿನಲ್ಲಿ 22 ವರ್ಷದಿಂದ ಗುಮಾಸ್ತ, ಮೇಯೋ ಹಾಲ್ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದೇ ಮಂಡಿ ಸವೆದಿದೆ. ನಾನು ವಕೀಲ ಅಲ್ಲ, ಕೊನೆಗೆ ನಿಮ್ಮ ವಕೀಲರನ್ನ ಕೇಳಿ. ಆದರೆ ಇಲ್ಲಿ ಎಲ್ಲರೂ ಎಷ್ಟು ಕಟ್ಟಬೇಕು ಅಂತ ಮಾತಾಡ್ತಿದ್ದೀರಿ, ಕಟ್ಟಿದ್ದು ಕೋರ್ಟಿಗೆ ಗೊತ್ತಾಗೋದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ.

ಲೋಕ್ ಅದಾಲತ್ ರಾಜಿ ಅಂದರೆ ಬರೀ ಒಪ್ಪಂದ ಅಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಇದ್ದ ಹಾಗೆ. ಅದರ ಮೇಲೆ ಅಪೀಲು ಇಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ ಆದ ರಾಜಿಗೂ ಇದೇ ಅನ್ವಯ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಡಿಕ್ರಿ ಜಾರಿ ಮಾಡಿಸೋಕೆ ಅವರಿಗೆ 12 ವರ್ಷ ಕಾಲಾವಕಾಶ.

ಈಗ ಯೋಚನೆ ಮಾಡಿ. ಪತ್ರದಲ್ಲಿ 15 ಕಂತು, 3 ಲಕ್ಷ ಅಂತ ಇದೆ. ನೀವು ಹೊರಗಡೆ ಮಾತಾಡಿ 2.60 ಕೊಟ್ಟಿರಿ. ಅವರು ಸುಮ್ಮನಾದರು. ಮೂರು ವರ್ಷದ ಮೇಲೆ ಆ ಸಾಲದ ಫೈಲು ಬೇರೆ ಕಂಪನಿಗೆ ಮಾರಾಟ ಆಯಿತು, ಹೊಸಬರ ಕಂಪ್ಯೂಟರಿನಲ್ಲಿ 40 ಸಾವಿರ ಬಾಕಿ, ಅದರ ಜೊತೆ ಆ ಕಂತು ತಪ್ಪಿದರೆ ಅನ್ನುವ ಷರತ್ತು. ಜಾರಿ ಅರ್ಜಿ ಹಾಕಿದರೆ ನೀವು "ಕಟ್ಟಿದ್ದೀನಿ ಸ್ವಾಮಿ" ಅಂತೀರಿ. ಸಿವಿಲ್ ಪ್ರೊಸೀಜರ್ ಕೋಡಿನ ಆದೇಶ 21, ನಿಯಮ 2 ಏನು ಹೇಳುತ್ತೆ ಅಂದರೆ, ಹೊರಗಡೆ ಕೊಟ್ಟ ದುಡ್ಡು ಅಥವಾ ಮಾಡಿಕೊಂಡ ಹೊಂದಾಣಿಕೆ ಕೋರ್ಟಿನಲ್ಲಿ ದಾಖಲಾಗಿಲ್ಲ ಅಂದರೆ ಜಾರಿ ಮಾಡುವ ಕೋರ್ಟು ಅದನ್ನ ಲೆಕ್ಕಕ್ಕೆ ತಗೊಳ್ಳುವ ಹಾಗಿಲ್ಲ. ದಾಖಲು ಮಾಡಿ ಅಂತ ನೀವು ಅರ್ಜಿ ಹಾಕೋಕೆ ದುಡ್ಡು ಕೊಟ್ಟ ದಿನದಿಂದ 30 ದಿನ ಮಾತ್ರ. ಲಿಮಿಟೇಷನ್ ಕಾಯ್ದೆ, ಪರಿಚ್ಛೇದ 125. ಅವರಿಗೆ 12 ವರ್ಷ, ನಿಮಗೆ 30 ದಿನ. ನಮ್ಮ ಸಾಹೇಬರು ಇದನ್ನ ಪ್ರತಿ ಕಕ್ಷಿದಾರರಿಗೂ ಎರಡು ಸಲ ಹೇಳುತ್ತಾರೆ. ಆದರೂ ಮರೆತು ಬರೋರು ಬರುತ್ತಲೇ ಇರುತ್ತಾರೆ, ಕೈಯಲ್ಲಿ ನೋ ಡ್ಯೂಸ್ (ಬಾಕಿ ಇಲ್ಲ ಅನ್ನುವ) ಲೆಟರ್ ಹಿಡಿದುಕೊಂಡು.

ಹಾಗಾಗಿ ಎರಡೂ ಕಡೆಯವರು ಸಹಿ ಹಾಕಿದ ಮೆಮೊ ಕೋರ್ಟಿಗೆ ಹೋಗಲಿ. ಡಿಕ್ರಿ ಪೂರ್ತಿ ತೀರಿದೆ, ಫುಲ್ ಸ್ಯಾಟಿಸ್‌ಫ್ಯಾಕ್ಷನ್ ಅಂತ. ಅವರ ವಕೀಲರೇ ಹಾಕಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವರು ನಾಳೆ ನಾಡಿದ್ದು ಅಂತ ಎಳೆದರೆ ಬ್ಯಾಂಕ್ ದಾಖಲೆ, ಅವರ ಪತ್ರ ಎರಡನ್ನೂ ಇಟ್ಟು ನೀವೇ ಹಾಕಿ. ಯಾವ ಕೋರ್ಟಿಗೆ ಅನ್ನೋದನ್ನ ವಕೀಲರಿಗೆ ಬಿಡಿ, ಚೆಕ್ ಕೇಸು ಮ್ಯಾಜಿಸ್ಟ್ರೇಟ್ ಮುಂದೆ ಇದ್ದದ್ದು, ಜಾರಿ ಸಿವಿಲ್ ಕಡೆ, ಅಲ್ಲಿ ಸ್ವಲ್ಪ ಗೊಂದಲ ಆಗುತ್ತೆ. ವಕೀಲರಿಗೆ ಕೊಡೋಕೆ ಕಷ್ಟ ಅಂದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಎಲ್ಲರಿಗೂ ಉಚಿತ ವಕೀಲರು ಸಿಗಲ್ಲ, ಆದರೆ ಕೇಳೋಕೆ ದುಡ್ಡಿಲ್ಲ.

ಮೂರನೇಬ್ಲಾಕ್
ಈ 30 ದಿನದ ವಿಷಯ ನನಗೆ ಗೊತ್ತೇ ಇರಲಿಲ್ಲ. ಭಾವನಿಗೆ ಫೋನ್ ಮಾಡ್ತಿದ್ದೀನಿ ಈಗಲೇ.

ಅಚ್ಚುಮೊಳೆ
ಗುಮಾಸ್ತರೇ, ಕೈ ಮುಗಿದೆ. ಒಂದು ಅನುಮಾನ. ಪೂರ್ತಿ ಹೊಂದದಿದ್ದರೆ ಕಟಿಂಗ್ ಮೆಷಿನ್ ದುಡ್ಡು 1.40 ಮಾತ್ರ ಮುಂಗಡ ಕಟ್ಟಿದರೆ? ಏಳು ಕಂತು ಆಯಿತಲ್ಲ.

ಹನುಮಂತನಗರದ_ಅಕ್ಕ
ಕಟ್ಟಬಹುದು, ಆದರೆ ಇಲ್ಲೊಂದು ಗುಂಡಿ ಇದೆ. ಆ ದುಡ್ಡು ಮುಂದಿನ ಏಳು ಕಂತಿಗೋ, ಕೊನೆಯ ಏಳಕ್ಕೋ? ನೀವು ಮುಂದಿನ ಏಳು ಅಂದುಕೊಂಡು ಆರಾಮಾಗಿ ಕೂರುತ್ತೀರಿ. ಅವರ ಸಿಸ್ಟಮ್ಮು ಅದನ್ನ ಒಟ್ಟು ಬಾಕಿಯಲ್ಲಿ ಕಳೆದು, ಮುಂದಿನ ತಿಂಗಳ ಕಂತು ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ ಅಂತ ತೋರಿಸುತ್ತೆ. ಎರಡು ಸತತ! ನಿಮ್ಮ ಷರತ್ತು ನೆನಪಿದೆ ತಾನೆ. ಈ ತಾರೀಕಿನಿಂದ ಈ ತಾರೀಕಿನವರೆಗಿನ ಕಂತಿಗೆ ಅಂತ ಮೊದಲೇ ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ಪೂರ್ತಿ ಕಟ್ಟಿದರೂ ಎನ್‌ಎಸಿಎಚ್ ಮ್ಯಾಂಡೇಟ್ (ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಕಂತು ಎಳೆಯೋಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿಸಿ. ಇಲ್ಲದಿದ್ದರೆ 5ನೇ ತಾರೀಕು ಮತ್ತೆ 20 ಸಾವಿರ ಎಳೆಯುತ್ತೆ, ವಾಪಸ್ ತರೋಕೆ ಎರಡು ತಿಂಗಳು. ಇನ್ನೊಂದು, ಸಾಲ ತೆಗೆಯುವಾಗ ಖಾಲಿ ಚೆಕ್ ಕೊಟ್ಟಿದ್ದೀರಾ?

ಅಚ್ಚುಮೊಳೆ
ಕೊಟ್ಟಿದ್ದೀನಿ. ಮೂರು.

ಹನುಮಂತನಗರದ_ಅಕ್ಕ
ಪತ್ರದಲ್ಲಿ ನಂಬರ್ ಸಮೇತ ಬರೆಸಿ ವಾಪಸ್ ತಗೊಳ್ಳಿ.

ಪತ್ರದ ಬಗ್ಗೆ ಹೇಳುತ್ತೇನೆ, ಇದು ನನ್ನ ಕೈಯಿಂದಲೇ ನೂರಾರು ಹೋಗಿದೆ. ದುಡ್ಡು ಹಾಕುವ ಮೊದಲು ಬರಬೇಕು, ಆಮೇಲೆ ಅಲ್ಲ. ಕಂಪನಿ ಲೆಟರ್‌ಹೆಡ್ಡು, ಅಧಿಕಾರ ಇರುವವರ ಸಹಿ, ಅಧಿಕೃತ ಇಮೇಲಿನಿಂದ. ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಪತ್ರ ಅಲ್ಲ. ಕೋರ್ಟು ಕೇಸಿನ ನಂಬರು, ರಾಜಿಯ ತಾರೀಕು, ಸಾಲದ ಖಾತೆ ನಂಬರು, ಇಷ್ಟು ಮೊತ್ತ ಇಂಥ ದಿನದೊಳಗೆ ಬಂದರೆ ಸಾಲವೂ ರಾಜಿಯ ಬಾಕಿಯೂ "ಪೂರ್ತಿ ಮತ್ತು ಅಂತಿಮವಾಗಿ" ತೀರಿದಂತೆ ಅನ್ನುವ ಸಾಲು. "ರಿಯಾಯಿತಿ ಪರಿಗಣಿಸಲಾಗುವುದು" ಅಂತ ಇದ್ದರೆ ಅದು ಪತ್ರವೇ ಅಲ್ಲ, ಹರಿದು ಹಾಕಿ.

ಕೊನೆಯ ದಿನಾಂಕ ಹಾಕಿರುತ್ತಾರಲ್ಲ, ಅದಕ್ಕಿಂತ ಮೂರು ದಿನ ಮೊದಲೇ ಹಾಕಿ. ಒಂದು ದಿನ ತಪ್ಪಿದರೂ ಹಳೇ ಲೆಕ್ಕಕ್ಕೆ ಬಾ ಅಂತಾರೆ.

ಬಿಸಿಬೇಳೆ_ಲೆಸ್ಟರ್
ಅಕ್ಕ ನಮ್ಮ ಕಡೆ ಸೂಪರ್‌ವೈಸರ್ ಆಗಿದ್ದರೆ ಅರ್ಧ ಊರು ಉದ್ಧಾರ ಆಗ್ತಿತ್ತು.

ಸುಮ್ನೆ_ಓದುಗ
ಮಾತಾಡೋದು ಹೇಗೆ ಅಂತಲೂ ಹೇಳಿ ಅಕ್ಕ. ನೇರ 2.10 ಅಂದುಬಿಡೋದಾ?

ಹನುಮಂತನಗರದ_ಅಕ್ಕ
ಕಲೆಕ್ಷನ್ ಹುಡುಗನಿಗೆ ಬಿಡೋ ಅಧಿಕಾರ ಇರಲ್ಲ, ಅವನ ಜೊತೆ ಚೌಕಾಸಿ ಮಾಡಿ ಗಂಟಲು ಒಣಗಿಸಿಕೊಳ್ಳಬೇಡಿ. ಅವರ ಲೀಗಲ್ ಅಥವಾ ಸೆಟಲ್‌ಮೆಂಟ್ ವಿಭಾಗಕ್ಕೆ ಇಮೇಲ್ ಹಾಕಿ. ಕಾರಣ ಹೇಳಿ, ಆದರೆ ಅಳಬೇಡಿ. ಮೆಷಿನ್ ಮಾರುತ್ತಿದ್ದೇನೆ, ಈ ದುಡ್ಡು ಒಂದೇ ಸಲ ಬರೋದು, ಇಂಥ ದಿನದವರೆಗೆ ಮಾತ್ರ ಸಾಧ್ಯ ಅಂತ. ದುಡ್ಡು ನಿಮ್ಮದಲ್ಲ, ಮನೆಯವರು ಕೊಡುತ್ತಿದ್ದಾರೆ ಅಂದರೆ ಇನ್ನೂ ಒಳ್ಳೇದು, ಅದು ನಿಮ್ಮ ಜೇಬಿನಲ್ಲಿ ಇಲ್ಲ ಅಂತ ಅವರಿಗೆ ಗೊತ್ತಾಗುತ್ತೆ. ಸುಳ್ಳು ಹೇಳಬೇಡಿ. ತಿಂಗಳ ಕೊನೆ, ಅದರಲ್ಲೂ ಮೂರು ತಿಂಗಳಿಗೊಮ್ಮೆ ಲೆಕ್ಕ ಮುಗಿಯುವ ಹೊತ್ತಿಗೆ ಅವರಿಗೂ ಟಾರ್ಗೆಟ್ ಇರುತ್ತೆ. ನಾವೂ ಮಾರ್ಚ್ 28ಕ್ಕೆ ಒಪ್ಪಿದ್ದನ್ನ ಏಪ್ರಿಲ್ 4ಕ್ಕೆ ಒಪ್ಪುತ್ತಿರಲಿಲ್ಲ.

ಮಾತುಕತೆ ನಡೆಯುವಾಗ ಕಂತು ನಿಲ್ಲಿಸಬೇಡಿ. ಇದೊಂದು ಮಾತ್ರ ಗೋಡೆ ಮೇಲೆ ಬರೆದುಕೊಳ್ಳಿ.

ಅಚ್ಚುಮೊಳೆ
(ಎರಡು ತಿಂಗಳು ಆದಮೇಲೆ)
ಎಲ್ಲರಿಗೂ ಸುದ್ದಿ ಹೇಳಬೇಕು, ಇಷ್ಟು ದಿನ ಓಡಾಟ.

ಚೀಟಿ ಕೂಗಲಿಲ್ಲ. ಮನೆಯವಳ ಮುಂದೆ ಈ ಪುಟ ಇಟ್ಟೆ, ಪೂರ್ತಿ ಓದಿದಳು. "ನಿನಗೆ ಲೆಕ್ಕ ಗೊತ್ತಾಗಲ್ಲ" ಅಂದಿದ್ದನ್ನ ಇಲ್ಲಿ ಬರೆದಿದ್ದೂ ಓದಿದಳು. ಎರಡು ದಿನ ಸಾರಿಗೆ ಉಪ್ಪು ಜಾಸ್ತಿ. ಮೂರನೇ ದಿನ ಅವಳೇ ತನ್ನ ತಮ್ಮನಿಗೆ ಫೋನ್ ಮಾಡಿ 1,20,000 ಕೇಳಿದಳು. ಬಡ್ಡಿ ಬೇಡ, ಚೀಟಿ ಮುಗಿದಾಗ ಕೊಡಿ ಭಾವ ಅಂದ. ಸಹಿ ಹಾಕಿದ ಒಂದು ಕಾಗದ ಕೊಟ್ಟೆ, ಅವನು ಬೇಡ ಅಂದರೂ.

ಕಂಪನಿಗೆ ಇಮೇಲ್ ಹಾಕಿದೆ, 2.10 ಕೇಳಿದೆ. ಎಂಟು ದಿನ ಉತ್ತರ ಇಲ್ಲ. ಆಮೇಲೆ 2.85 ಅಂದರು. ನಾನು 2.40. ತಿಂಗಳ ಕೊನೆ ವಾರ ಅವರೇ ಫೋನ್ ಮಾಡಿ 2.60, 15 ದಿನದೊಳಗೆ ಅಂದರು. ಡಿಕಾಕ್ಷನ್ ಅವರೇ, ನಿಮ್ಮ ಬಾಯಲ್ಲಿ ಮಚ್ಚೆ ಇದೆಯಾ?

ಮೊದಲ ಪತ್ರ ಬಂತು. ಅದರಲ್ಲಿ "ಬಾಕಿ ಕಂತುಗಳ ಭಾಗವಾಗಿ ₹2,60,000" ಅಂತ ಇತ್ತು. ಭಾಗವಾಗಿ! ಅಕ್ಕ ಹೇಳದಿದ್ದರೆ ನಾನು ಅದನ್ನ ಓದುತ್ತಲೇ ಇರಲಿಲ್ಲ, ಮೊತ್ತ ನೋಡಿ ದುಡ್ಡು ಹಾಕಿಬಿಡ್ತಿದ್ದೆ. ವಾಪಸ್ ಕಳಿಸಿದೆ. ಎರಡು ಸಲ ತಿದ್ದಿಸಿದ ಮೇಲೆ ಸರಿಯಾದ ಪತ್ರ ಬಂತು. ಗಡುವಿಗೆ ನಾಲ್ಕು ದಿನ ಇದ್ದಾಗ ಆರ್‌ಟಿಜಿಎಸ್ ಮಾಡಿದೆ, ಸಾಲದ ಖಾತೆಗೇ. ಮಧ್ಯದಲ್ಲಿ 5ನೇ ತಾರೀಕಿನ ಕಂತೂ ಕಟ್ಟಿದ್ದೆ. ಪತ್ರ ಬರೋಕೆ ಮೊದಲೇ ಹೋಗಿದ್ದರಿಂದ ಆ 20 ಸಾವಿರ ಇದರಲ್ಲಿ ಸೇರಲ್ಲ ಅಂದರು. ಅಂದರೆ ಒಟ್ಟು ಉಳಿದಿದ್ದು 20 ಸಾವಿರ ಅಷ್ಟೇ. ಜಗಳ ಆಡೋಕೆ ಶಕ್ತಿ ಇರಲಿಲ್ಲ, ಬಿಟ್ಟೆ.

ಕಾಫಿ_ಡಿಕಾಕ್ಷನ್
ಸಮಯದ ಲೆಕ್ಕದಲ್ಲಿ 22-23 ಸಾವಿರ ಅಂದಿದ್ದೆ. ಒಂದು ಕಂತು ಕಳೆದ ಮೇಲೆ ಅದು 20ರ ಹತ್ತಿರಕ್ಕೇ ಬರುತ್ತೆ. ನ್ಯಾಯವಾದ ಬೆಲೆ ಅಣ್ಣ, ಮೋಸ ಆಗಿಲ್ಲ.

ಗುಮಾಸ್ತ
ಮೆಮೊ?

ಅಚ್ಚುಮೊಳೆ
ಅವರ ವಕೀಲರು ಮೂರು ಸಲ "ಮುಂದಿನ ವಾರ" ಅಂದರು. 19ನೇ ದಿನಕ್ಕೆ ನಮ್ಮ ವಕೀಲರೇ ಅರ್ಜಿ ರೆಡಿ ಮಾಡಿ ಅವರಿಗೆ ಪ್ರತಿ ಕಳಿಸಿದರು. ಮಾರನೇ ದಿನವೇ ಸಹಿ ಹಾಕಿಕೊಟ್ಟರು. ಫೈಲ್ ಆಗಿದೆ, ಆರ್ಡರ್ ಶೀಟಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದೇನೆ.

ಹನುಮಂತನಗರದ_ಅಕ್ಕ
ಶಭಾಷ್. ಇನ್ನು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಾಲ್ಕರಲ್ಲೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತ. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅಂತ ನಿಯಮ ಇದೆ, ಹಾಗಾಗಿ ಬಾಕಿ ಸೊನ್ನೆ ಆಗಿರಬೇಕು. ಆಗಿಲ್ಲ ಅಂದರೆ ದೂರು ಕೊಡಿ. 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ಅದಕ್ಕೂ ಕಿವಿ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಆಂಬುಡ್ಸ್‌ಮನ್, 14448.

ಚೆಕ್ಕು ಬಂದವಾ?

ಅಚ್ಚುಮೊಳೆ
ಎರಡು ಬಂದವು ಅಕ್ಕ. ಮೂರನೇದು ಗೋಡೌನಿನಲ್ಲಿ ಹುಡುಕ್ತಿದ್ದಾರಂತೆ.

ಗುಮಾಸ್ತ
ಹುಡುಕಲಿ. ನೀವು ನಾಳೆ ಬೆಳಗ್ಗೆ ನಿಮ್ಮ ಬ್ಯಾಂಕಿಗೆ ಹೋಗಿ ಆ ನಂಬರಿಗೆ ಸ್ಟಾಪ್ ಪೇಮೆಂಟ್ ಹಾಕಿಸಿ. ಸಾಲ ತೀರಿದೆ, ಈ ಚೆಕ್ ಇನ್ನು ಬಳಸುವ ಹಾಗಿಲ್ಲ ಅಂತ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಕಾಗದ ಕಳಿಸಿ, ರಸೀದಿಯನ್ನ ಮೆಮೊ ಪ್ರತಿ ಜೊತೆಗೇ ಪಿನ್ ಮಾಡಿ ಇಡಿ.

ಅಚ್ಚುಮೊಳೆ
ನಾಳೆ ಎರಡನೇ ಶನಿವಾರ, ಬ್ಯಾಂಕ್ ಇಲ್ಲ. ಸೋಮವಾರ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀನಿ.